ಗಾಜಿನ ಮೇಲಿನ ಭಂಡಾರ

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಗ ಅದು ನನ್ನೊಬ್ಬನಿಗೇ ಗೊತ್ತಿದ್ದ ಸಂಗತಿ. ಕೊಟ್ಟೂರಿನ ಉಳಿದವರೆಲ್ಲ ನನ್ನನ್ನು ‘ಕಂಪ್ಯೂಟರ್ ಸರ್’ ಎನ್ನುತ್ತಿದ್ದರು. ಪರದೆಯ ಮೇಲೆ ಬಂದ ಸಾಲನ್ನು ಅರ್ಧ ಓದಿ, ಉಳಿದರ್ಧವನ್ನು ಊರಿನ ಯಾರದಾದರೂ ದನಿಯಲ್ಲಿ ಹೇಳಿ ನಗಿಸಿಬಿಟ್ಟರೆ, ನಕ್ಕವರು ಅರ್ಥ ಕೇಳುವುದಿಲ್ಲ. ನಾನು ಕಲಿತಿದ್ದ ವಿದ್ಯೆ ಇದೊಂದೇ. ಈ ವಿದ್ಯೆಯಿಂದಲೇ ಒಬ್ಬ ಕುರಿಗಾರನ ಹರಕೆಯೊಳಗೆ ನನ್ನ ಸುಳ್ಳೊಂದು ಹೋಗಿ ಕೂತಿತು.

ಹೋದ ತಿಂಗಳು ಹರಪನಹಳ್ಳಿಯಿಂದ ಬರುವಾಗ ಅದೇ ತಾಲ್ಲೂಕಿನ ಅರಸೀಕೆರೆಯಲ್ಲಿ ಯಾರೋ ಹಿರಿಯರು ಬಸ್ಸು ಹತ್ತಿ ನನ್ನ ಪಕ್ಕ ಕೂತರು. ಮಳೆಯಲ್ಲಿ ನೆಂದ ಕಂಬಳಿ, ಹಣೆಯ ತುಂಬ ಭಂಡಾರ. ಮೈಲಾರಲಿಂಗನ ಒಕ್ಕಲಿನವರು ಹಚ್ಚಿಕೊಳ್ಳುವ ಆ ಅರಿಸಿನದ ಪುಡಿಯೂ ಹಸಿ ಉಣ್ಣೆಯೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ಸಾವಿರದ ಐದನೇ ಇಸವಿಯ ಮಳೆಗಾಲ ಇಡಿಯಾಗಿ ಬಂದು ನಮ್ಮಿಬ್ಬರ ನಡುವೆ ಕೂತಿತು. ಕಂಡಕ್ಟರ್ ಅದಕ್ಕೆ ಟಿಕೆಟ್ ಕೇಳಲಿಲ್ಲ.

ಕೊಟ್ರಬಸಪ್ಪ ಮೇಷ್ಟ್ರ ಟೈಪಿಂಗ್ ಶಾಲೆ ಆ ವರ್ಷವೇ ಕಂಪ್ಯೂಟರ್ ಕೇಂದ್ರವಾಗಿತ್ತು. ಆದದ್ದೆಂದರೆ ಇಷ್ಟೇ: ಎಂಟು ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ ನಡುವೆ ಎರಡು ಕಂಪ್ಯೂಟರು ಇಟ್ಟಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಶುಕ್ರವಾರ ಮಾನಿಟರಿಗೆ ಕುಂಕುಮ, ಊದಿನಕಡ್ಡಿ. ಬಿ.ಎ.ಯಲ್ಲಿ ಒಂದು ಪೇಪರು ಉಳಿಸಿಕೊಂಡು ಕೂತಿದ್ದ ನಾನು ಅಲ್ಲಿ ಕಲಿಸುವವ. ಯಾವ ಪೇಪರು ಎಂದು ಹೇಳಬೇಕಾಗಿಲ್ಲ. ಮೇಷ್ಟ್ರು ನಶ್ಯ ಹಾಕುತ್ತಿದ್ದರಿಂದ ಅವರ ಮಾತೆಲ್ಲ ಮೂಗಿನಿಂದಲೇ ಹೊರಡುತ್ತಿತ್ತು. ಅವರು ಹೊರಗೆ ಹೋದ ಮರುಗಳಿಗೆ ನನ್ನ ಮೂಗಿನಿಂದಲೂ ಹೊರಡುತ್ತಿತ್ತು.

ಹಗರಿಬೊಮ್ಮನಹಳ್ಳಿಯ ಗೆಳೆಯನೊಬ್ಬ ಒಂದು ಆಟವನ್ನು ಸಿ.ಡಿ.ಗೆ ತುಂಬಿಕೊಟ್ಟಿದ್ದ. ಹುಲ್ಲಿನಲ್ಲಿ ಅಡ್ಡಾಡುತ್ತ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸುವ ಆಟ. ಇದರ ಹಳೆಯದನ್ನು ನಾನು ಹೈಸ್ಕೂಲಿನಲ್ಲಿದ್ದಾಗ, ಬಳ್ಳಾರಿಯ ಸೋದರತ್ತೆಯ ಮಗನ ಬಳಿ ಇದ್ದ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರದಲ್ಲಿ, ಬಣ್ಣವಿಲ್ಲದ ಪರದೆಯ ಮೇಲೆ ಆಡಿ ಮುಗಿಸಿದ್ದೆ. ಈಗ ಅದನ್ನೇ ಬಣ್ಣ ಹಾಕಿ ಹೊಸದಾಗಿ ಕಟ್ಟಿದ್ದರು. ಅದೇ ಊರು, ಅದೇ ಹುಲ್ಲು, ಮೊದಲ ಪ್ರಾಣಿಯನ್ನು ಕೊಡುವ ಅದೇ ಮುದುಕ ಪಂಡಿತ. ಹಳೇ ಮನೆಗೆ ಸುಣ್ಣ ಬಳಿದರೆ ಅಡುಗೆಮನೆ ಜಾಗ ಬಿಟ್ಟು ಹೋಗುತ್ತದೆಯೇ, ನನಗೆಲ್ಲ ಗೊತ್ತು ಅಂದುಕೊಂಡೆ. ಈ ಗರ್ವವನ್ನೂ ಮೇಲಿನ ತಪ್ಪಿನ ಪಕ್ಕದಲ್ಲೇ ಬರೆದುಕೊಳ್ಳಬಹುದು.

ಆ ಕುರಿಗಾರ ದುರುಗಪ್ಪ ಗುಡೇಕೋಟೆ ಕಡೆಯವನು, ನನಗಿಂತ ಹದಿನೈದು ವರ್ಷ ದೊಡ್ಡವ. ಜೂನ್ ಮೊದಲಿಗೆ ಮಿರಗದ ಮಳೆ ಬಿದ್ದ ವಾರ, ಮರಿಗಳಿಗೆ ಸೊಪ್ಪು ಕಡಿಯಲೆಂದು ಬೇವಿನ ಮರ ಹತ್ತಿ, ಕೊಂಬೆಯ ಸಮೇತ ಕೆಳಗೆ ಬಂದಿದ್ದ. ಎಡಗಾಲಿಗೆ ಸಿಮೆಂಟು ಪಟ್ಟಿ ಹಾಕಿಸಿಕೊಂಡು, ನಮ್ಮ ಕೇಂದ್ರದ ಹಿಂದೆಯೇ ಇದ್ದ ಅಕ್ಕ ನಿಂಗಮ್ಮನ ಮನೆಯಲ್ಲಿ ಉಳಿದುಕೊಂಡ. ಎಲುಬು ಕೂಡುತ್ತದೆ, ಆದರೆ ದಿನಕ್ಕೆ ಹತ್ತು ಮೈಲಿ ನಡೆಯುವ ಕಾಲು ಆಗುತ್ತದೋ ಇಲ್ಲವೋ ಹೇಳಲಾರೆ ಎಂದಿದ್ದರಂತೆ ಡಾಕ್ಟರು. ಹಿಂಡು ತಮ್ಮನ ಕೈಗೆ ಹೋಗಿತ್ತು. ದೀಪಾವಳಿ ಮುಗಿದ ಮೇಲೆ ಮುನ್ನೂರು ಕುರಿ ಹೊಡೆದುಕೊಂಡು ಹಡಗಲಿ ಕಡೆಯ ಹೊಳೆಸಾಲಿಗೆ ಇಳಿಯುವುದು ಅವರ ರೂಢಿ. ಅಷ್ಟರಲ್ಲಿ ಅಣ್ಣನ ಕಾಲು ನೆಟ್ಟಗಾಗದಿದ್ದರೆ ಬೇರೆ ಜೊತೆಗಾರನನ್ನು ನೋಡಿಕೊಳ್ಳುತ್ತೇನೆ ಎಂದು ತಮ್ಮ ಹೇಳಿಕಳಿಸಿದ್ದ. ನಿಂಗಕ್ಕ ಆಗಲೇ ಮನೆಯ ಮುಂದೆ ದುರುಗಪ್ಪನಿಗೊಂದು ಬೀಡಿ ಅಂಗಡಿ ಇಡಿಸಲು ಮೂರಡಿ ಜಾಗವನ್ನು ಸಗಣಿ ಸಾರಿಸಿ ಗೊತ್ತುಮಾಡಿಬಿಟ್ಟಿದ್ದಳು. ಅದರ ಮುಂದೆ ಹಾಯುವಾಗ ದುರುಗಪ್ಪ ಮುಖವನ್ನು ಆ ಕಡೆ ತಿರುಗಿಸುತ್ತಿರಲಿಲ್ಲ.

ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದುದು ನೆರಳಿಗೆ. ಮೂರನೇ ದಿನ ಕಿಟಕಿಯಿಂದ ಇಣುಕಿದವನು, ಪೆಟ್ಟು ತಿಂದಿದ್ದ ಪ್ರಾಣಿಯನ್ನು ನಾನು ಮತ್ತೆ ಕಾದಾಟಕ್ಕೆ ನೂಕುವುದನ್ನು ಕಂಡ. ನಮ್ಮಿಬ್ಬರ ನಡುವಿನ ಮೊದಲ ಮಾತು ಅವನದೇ:

“ಲೇ, ಅದಕ್ಕ ಸುಸ್ತಾಗೈತಿ, ಕಾಣವಲ್ದೇನು? ಮೊದ್ಲು ದವಾಖಾನಿಗಿ ಒಯ್ಯಿ.”

ಆಟದಲ್ಲಿ ಪ್ರಾಣಿಗಳಿಗೆ ದವಾಖಾನೆ ಇರುವುದು ಅವನಿಗೆ ಹೇಗೆ ತಿಳಿಯಿತೆಂದು ಕೇಳಿದೆ. ಇಷ್ಟು ಪ್ರಾಣಿ ಇರುವ ಊರಿನಲ್ಲಿ ದವಾಖಾನೆ ಇಲ್ಲದೆ ಇರುತ್ತದೆಯೇ ಎಂದ. ಅಂದೇ ಮಧ್ಯಾಹ್ನ, ಪಾಠವಿಲ್ಲದ ಹೊತ್ತಿನಲ್ಲಿ, ಅವನ ಹೆಸರಿನಲ್ಲೇ ಹೊಸ ಆಟ ಶುರು ಮಾಡಿಕೊಟ್ಟೆ. ಪಂಡಿತ ಮೂರು ಪ್ರಾಣಿ ಮುಂದಿಟ್ಟಾಗ, ಬೆಂಕಿ ಕಾರುವುದನ್ನು ತಗೋ, ಜೋರಿರುತ್ತದೆ ಎಂದು ನಾನು ಹೇಳಿದೆ. ಅವನು ಬೆನ್ನ ಮೇಲೆ ಎಲೆ ಚಿಗುರಿದ್ದ ಹಸಿರುಪ್ರಾಣಿಯನ್ನು ಆರಿಸಿದ. ಮೇವು ತಾನೇ ಹೊತ್ತುಕೊಂಡು ಬಂದಿದೆಯಲ್ಲ, ಇನ್ನೇನು ಬೇಕು ಎಂಬುದು ಅವನ ಲೆಕ್ಕ. ಅದಕ್ಕೆ ಮಲ್ಲ ಎಂದು ಹೆಸರಿಟ್ಟ.

ಪರದೆಯ ಇಂಗ್ಲಿಷಿಗೆಲ್ಲ ನಾನೇ ಬಾಯಿ. ಪಂಡಿತನಿಗೆ ಮೇಷ್ಟ್ರ ಮೂಗು ಕೊಟ್ಟೆ. ದವಾಖಾನೆಯ ನರ್ಸಮ್ಮನಿಗೆ ದನದ ಆಸ್ಪತ್ರೆಯ ಕಾಂಪೌಂಡರನ ಬೇಸರದ ದನಿ. ಹಾದಿಯಲ್ಲಿ ಅಡ್ಡಹಾಕಿ ಸವಾಲು ಹಾಕಿ ಸೋತುಹೋಗುವ ಜಂಬದ ಹುಡುಗನಿಗೆ ನನ್ನದೇ ದನಿ. ಅದು ಮಾತ್ರ ಯಾವ ಶ್ರಮವೂ ಇಲ್ಲದೆ ಬರುತ್ತಿತ್ತು. ಟೈಪಿಂಗಿಗೆ ಬರುವ ಹುಡುಗಿಯರು ಬೆರಳು ನಿಲ್ಲಿಸಿ ಕೇಳುತ್ತಿದ್ದರು. ದುರುಗಪ್ಪ ನಗುತ್ತಿರಲಿಲ್ಲ. ಅವನ ಕಣ್ಣು ಪ್ರಾಣಿಗಳ ಮೇಲೆ.

ಹೀಗೆ ಆಡುವವರನ್ನು ನಾನು ಕಂಡಿರಲಿಲ್ಲ. ಯಾವುದಕ್ಕೂ ಎರಡನೇ ಪೆಟ್ಟು ಬೀಳಗೊಡುತ್ತಿರಲಿಲ್ಲ. ಹಿಡಿದವನ್ನೆಲ್ಲ ಕೂಡಿಡುವ ಪೆಟ್ಟಿಗೆಗೆ ರೊಪ್ಪ ಎನ್ನುತ್ತಿದ್ದ. ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪವೇ ಅವನ ಪಾಲಿಗೆ ಅದು. ಕೂತ ಕೂಡಲೇ ರೊಪ್ಪ ತೆರೆಸಿ, ಬೋಳಿ, ಚುಕ್ಕಿ, ಮೋಟ್ಯಾ, ಕೆಂದ ಎಂದು ಒಂದೊಂದರ ಮೇಲೂ ಕಣ್ಣಾಡಿಸಿದ ಮೇಲೆಯೇ ಆಟ. ಆರಿದ್ರ ಮಳೆಯ ಗಾಳಿಗೆ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿದರೆ, ನಾನು ಕೈಕಾಲು ಬಿಡುತ್ತಿದ್ದೆ. ಅವನು ಅವಸರವಿಲ್ಲದೆ ಎಲ್ಲವನ್ನೂ ದವಾಖಾನೆಯ ಹೊಸ್ತಿಲಿಗೆ ಮುಟ್ಟಿಸಿ, ಈಗ ಉಳಿಸು ಎನ್ನುತ್ತಿದ್ದ.

ಅವನು ಊರುಗೋಲಿನ ಮೇಲೆ ಜೋಲಿ ಹೊಡೆಯುತ್ತ ಬರುವುದನ್ನೂ ನಾನು ಬಿಟ್ಟಿರಲಿಲ್ಲ. ಒಂದು ದಿನ ಹುಡುಗಿಯರ ಮುಂದೆ ಕೋಲು ಕಂಕುಳಲ್ಲಿಟ್ಟು ಆ ನಡಿಗೆ ಆಡಿ ತೋರಿಸಿ ತಿರುಗಿದರೆ, ಬಾಗಿಲಲ್ಲಿ ಅವನೇ ನಿಂತಿದ್ದಾನೆ. ಸಿಟ್ಟಾಗಲಿಲ್ಲ. “ಎಡಗಾಲಲೇ ಪಂಪ್ಯಾ,” ಎಂದು ನನ್ನ ಹೆಸರು ಹಿಡಿದು ಹೇಳಿದ. “ನೀ ಬಲಗಾಲು ಕುಂಟಾಕತ್ತಿ.”

ಪುಷ್ಯದ ಮಳೆ ಹಿಡಿದಿದ್ದ ಒಂದು ಭಾನುವಾರ ಅವನು ಸೆರಗಿನಲ್ಲಿ ಏನೋ ಕಟ್ಟಿಕೊಂಡಂತೆ ಟವೆಲಿನ ತುದಿಗೆ ಗಂಟು ಹಾಕಿಕೊಂಡು ಬಂದ. ಸ್ನಾನ ಮಾಡಿದ್ದ. ಭಾನುವಾರ ಮೈಲಾರಲಿಂಗನ ವಾರ. ಮಲ್ಲ ಅಷ್ಟರಲ್ಲಿ ಮೂವತ್ತೆರಡನೇ ಮಟ್ಟಕ್ಕೆ ಬಂದು, ಬೆನ್ನ ಮೇಲಿನ ಎಲೆ ಹರಡಿ, ರೊಪ್ಪದಲ್ಲೇ ದೊಡ್ಡದಾಗಿತ್ತು. ದುರುಗಪ್ಪ ಬಹಳ ಹೊತ್ತು ಅದನ್ನೇ ನೋಡಿ ಕೇಳಿದ:

“ದೇವ್ರಿಗಿ ಬಿಡಾಕ ಇದ್ರಾಗ ದಾರಿ ಐತೇನು?”

ಅವರಲ್ಲಿ ಹಿಂಡಿನ ಒಳ್ಳೆಯ ಟಗರನ್ನು ಮೈಲಾರಲಿಂಗನ ಹೆಸರಿನಲ್ಲಿ ಬಿಡುವುದುಂಟು. ಹಣೆಗೆ ಭಂಡಾರ ಹಚ್ಚಿ ಬಿಟ್ಟರೆ ಮುಗಿಯಿತು. ಆಮೇಲೆ ಅದನ್ನು ಮಾರುವಂತಿಲ್ಲ, ಉಣ್ಣೆ ಕತ್ತರಿಸುವಂತಿಲ್ಲ, ಕಾಳಗಕ್ಕೆ ಒಯ್ಯುವಂತಿಲ್ಲ. ಯಾರ ಹೊಲದಲ್ಲಿ ಬಾಯಿ ಹಾಕಿದರೂ ಯಾರೂ ಹೊಡೆಯುವುದಿಲ್ಲ. ಎಲ್ಲೋ ಮೇಯುತ್ತಿದ್ದು, ಮನಸ್ಸು ಬಂದಾಗ ಹಳೇ ಹಿಂಡಿಗೆ ಬಂದು ನಿಂತು ಮತ್ತೆ ಹೋಗುತ್ತದೆ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಯಾಕೆ ಬಿಡುತ್ತಿ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಯಾಕೆಂದರೆ ದಾರಿ ಇದೆ ಎಂದು ತೋರಿಸುವ ಆತುರ ನನಗೆ. ರೊಪ್ಪದಲ್ಲಿ ಪ್ರಾಣಿಯ ಮೇಲೆ ಪರದೆಯ ಕೈಗುರುತು ಇಟ್ಟು ಕೀಲಿ ಒತ್ತಿದರೆ ನಾಲ್ಕೈದು ಸಾಲು ಬರುತ್ತಿದ್ದವು. ಅದರಲ್ಲಿ ಬಿಟ್ಟುಬಿಡುವುದೂ ಒಂದು. ಒತ್ತಿಸಿದೆ. ಪರದೆ ಏನೋ ಕೇಳಿತು. ಕೇಳಿದ್ದು ಯಾರೆಂದು ಮುಖವಿರಲಿಲ್ಲ. ಮುಖವಿಲ್ಲದ ಮಾತಿಗೆ ಯಾವ ದನಿ ಕೊಡುವುದು? ಕರಡಿಯ ಕೂದಲಿನ ಟೊಪ್ಪಿಗೆ ಇಟ್ಟು ಡಮರು ಬಾರಿಸುತ್ತ ಬಂದು ಮೈಲಾರಲಿಂಗನ ಕಾರಣಿಕ ನುಡಿಯುವ ಗೊರವಯ್ಯನ ದನಿಯನ್ನು ಕರೆದೆ. ಕಣ್ಣು ಮೇಲೆ ಮಾಡಿ, ದನಿ ಎಳೆದು, ಪರದೆಯ ಕಡೆ ನೋಡದೆಯೇ ನುಡಿದೆ:

“ಬಿಟ್ಟ ಜೀವಾ... ಎರಡು ಮಳಿ ದಾಟೂದ್ರಾಗ... ಹುಲ್ಲಾಗ ತಿರುಗಿ ಕಾಣತೈತಲೇ, ಪರಾಕ್!”

ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು. ದುರುಗಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಟವೆಲಿನ ಗಂಟು ಬಿಚ್ಚಿ ಎರಡು ಬೆರಳಲ್ಲಿ ಭಂಡಾರ ತೆಗೆದು, ಮಲ್ಲನ ಹಣೆ ಎಲ್ಲಿತ್ತೋ ಅಲ್ಲಿ, ಗಾಜಿನ ಮೇಲೆ ಹಚ್ಚಿದ. ಒತ್ತಿದ. ಮಲ್ಲ ಸಣ್ಣದಾಗುತ್ತ ಹೋಗಿ ಇಲ್ಲವಾಯಿತು. ಇನ್ನೊಂದು ಸಾಲು ಬಂತು. ಅದನ್ನು ನಾನು ಟಾಟಾ ಎಂದು ಕನ್ನಡಕ್ಕೆ ತಂದೆ.

ಸಂಜೆ ಮೇಷ್ಟ್ರು ಬಂದು, ಗಾಜಿನ ಮೇಲೆ ಇದೇನಪ್ಪಾ ಹಳದಿ ಎಂದು ಮೂಗಿನಿಂದ ಕೇಳಿದರು. ಮೈಲಾರಲಿಂಗನದು ಎಂದು ತಿಳಿದ ಮೇಲೆ ತಾವೂ ಒರೆಸಲಿಲ್ಲ, ನನ್ನನ್ನೂ ಒರೆಸಗೊಡಲಿಲ್ಲ. ಗಾಜು ಬಿಸಿಯಾದಾಗಲೆಲ್ಲ ಕೋಣೆಯಲ್ಲಿ ಅರಿಸಿನದ ವಾಸನೆ ಏಳುತ್ತಿತ್ತು.

ಮರುದಿನದಿಂದ ದುರುಗಪ್ಪನ ಆಟವೇ ಬದಲಾಯಿತು. ಕಾದಾಟವಿಲ್ಲ, ಹೊಸ ಊರಿಲ್ಲ. ಹುಲ್ಲಿನಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಇಲಿ ಎದುರಾಗುತ್ತಿತ್ತು, ಹಕ್ಕಿ ಎದುರಾಗುತ್ತಿತ್ತು. ಅವುಗಳಿಗೆ ತೊಂದರೆ ಕೊಡದೆ ಸರಿದು ಮತ್ತೆ ನಡೆಯುತ್ತಿದ್ದ. ಹೊರಗೆ ಆಶ್ಲೇಷದ ಜಿಟಿಜಿಟಿ. ನಾನು ನಾಲ್ಕು ದಿನ ಅದನ್ನೂ ಅಣಕಿಸಿದೆ. ಐದನೇ ದಿನ ನಿಂಗಕ್ಕ ರೊಟ್ಟಿ ತಂದು ಕೊಟ್ಟು, ಬಾಗಿಲ ಹೊರಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದಳು:

“ತಮ್ಮಾ, ಅದು ಹುಲ್ಲಾಗ ತಿರುಗಿ ಕಂಡ್ರ ತನ್ನ ಕಾಲು ಕುರಿ ಹಿಂದ ನಡಿಯಂಗ ಆಕ್ಕೈತಿ ಅಂತ ಕುಂತಾನ. ಹರಕಿ ಕಟ್ಟ್ಯಾನ. ಇಲ್ಲಿಗಿ ಯಾವ ಗೊರವಯ್ಯ ಬಂದಿದ್ದ?”

ಜೀವನದಲ್ಲಿ ಮೊದಲ ಸಲ ಯಾರ ದನಿಯೂ ನನಗೆ ಬರಲಿಲ್ಲ. ನನ್ನದೂ ಬರಲಿಲ್ಲ.

ಅಂದು ಮಧ್ಯಾಹ್ನ ಮೇಷ್ಟ್ರ ಬೀರುವಿನಿಂದ ಇಂಗ್ಲಿಷ್ ನಿಘಂಟು ತೆಗೆದು, ನನ್ನ ಆಟದ ಒಂದು ಹುಳುವನ್ನು ಬಿಡಲು ಹೊರಟೆ. ಪರದೆ ಕೇಳಿದ್ದನ್ನು ಮಾತು ಮಾತು ಹುಡುಕಿ ಓದಿದೆ. ಬಿಡಬೇಕೇ ಎಂದು ಕೇಳುತ್ತಿತ್ತು, ಅಷ್ಟೇ. ಎರಡು ಮಳೆ ಇಲ್ಲ, ಹುಲ್ಲಿಲ್ಲ, ತಿರುಗಿ ಬರುವುದಿಲ್ಲ. ಹುಳುವನ್ನು ಬಿಟ್ಟೆ. ಮೂರು ದಿನ ಹುಲ್ಲೆಲ್ಲ ತಿರುಗಿದೆ. ಬೇರೆ ಹುಳುಗಳು ಸಿಕ್ಕವು, ನಾನು ಬಿಟ್ಟದ್ದು ಸಿಗಲಿಲ್ಲ. ಮಲ್ಲನ ಜಾತಿಯದಂತೂ ಆ ಹುಲ್ಲಿನಲ್ಲಿ ಹುಟ್ಟುವುದೇ ಇಲ್ಲ. ಪಂಡಿತ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೋಗಿ ಹೇಳಿಬಿಡುವುದು ಸುಲಭದ ದಾರಿ. ನಾನು ಕಷ್ಟದ ದಾರಿ ಹಿಡಿದೆ. ಎರಡನೇ ಕಂಪ್ಯೂಟರಿನಲ್ಲಿ ಅವನದೇ ಹೆಸರಿನಲ್ಲಿ ಇನ್ನೊಂದು ಆಟ ಶುರು ಮಾಡಿ, ಪಂಡಿತನಿಂದ ಅದೇ ಹಸಿರುಪ್ರಾಣಿ ಪಡೆದು, ಅದಕ್ಕೂ ಮಲ್ಲ ಎಂದೇ ಹೆಸರಿಟ್ಟೆ. ಬೆಳಿಗ್ಗೆ ಪಾಠಕ್ಕೆ ಮುಂಚೆ ಎರಡು ತಾಸು ಅದನ್ನು ಸಾಕಿದೆ. ಮೇಷ್ಟ್ರಿಗೆ ನನ್ನ ಶ್ರದ್ಧೆ ಕಂಡು ಸಂತೋಷವಾಯಿತು. ಮಘೆಯ ಮಳೆ ನಡುವಿಗೆ ಬಂದಾಗ ಅದು ಮೂವತ್ತೆರಡನೇ ಮಟ್ಟ ಮುಟ್ಟಿತು. ಇಬ್ಬರು ಆಟಗಾರರು ಪ್ರಾಣಿ ಬದಲಾಯಿಸಿಕೊಳ್ಳುವ ಉಪಾಯ ಆಟದೊಳಗೇ ಇತ್ತು. ಅವನ ರೊಪ್ಪದಿಂದ ಒಂದು ಇಲಿಯನ್ನು ಈಚೆ ತಂದು, ಇದನ್ನು ಆಚೆ ಕಳಿಸಿದೆ. ಮುಂಜಾನೆ ಹುಲ್ಲಿನಲ್ಲಿ ಕಂಡಿತಣ್ಣ, ತಪ್ಪಿಸಿಕೊಂಡು ಹೋದೀತು ಅಂತ ನಾನೇ ಹಿಡಿದು ಕೂಡಿದೆ ಎಂದು, ಹೇಳಬೇಕಾದ ಮಾತನ್ನು ನಾಲ್ಕು ದನಿಯಲ್ಲಿ ಅಭ್ಯಾಸ ಮಾಡಿ, ಕೊನೆಗೆ ನನ್ನ ದನಿಯಲ್ಲೇ ಹೇಳಿದೆ.

ದುರುಗಪ್ಪ ರೊಪ್ಪ ತೆರೆದ. ಮುಂದಕ್ಕೆ ಬಾಗಿದ. ಮುಖ ಅರಳಲಿಲ್ಲ.

“ಇದು ಹೆಣ್ಣೈತಿ,” ಎಂದ.

ಈ ಆಟದಲ್ಲಿ ಹೆಣ್ಣು ಗಂಡು ಎಲ್ಲಿಂದ ಬರಬೇಕು, ಎಲ್ಲವೂ ಒಂದೇ ಎಂದೆ. ಹಳೆಯ ಆಟದಲ್ಲಿ ಹಾಗೇ ಇತ್ತು. ಒಂದು ಜಾತಿಯ ಪ್ರಾಣಿಗಳೆಲ್ಲ ಒಂದೇ ಅಚ್ಚು. ಅವನು ಬೆರಳಿಟ್ಟು ತೋರಿಸಿದ. ಹೆಸರಿನ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಗುರುತು. ಮಲ್ಲನಿಗೆ ಅದು ನೀಲಿ ಇತ್ತು, ಇದಕ್ಕೆ ಕೆಂಪು. ಸುಣ್ಣ ಬಳಿದವರು ಅಡುಗೆಮನೆಯನ್ನೂ ಸರಿಸಿದ್ದರು. ಎರಡು ತಿಂಗಳು ಅದೇ ಪರದೆಯ ಮುಂದೆ ಕೂತ ಕಂಪ್ಯೂಟರ್ ಸರ್ ಅದನ್ನು ಕಂಡಿರಲಿಲ್ಲ. ಒಂದಕ್ಷರ ಓದಲು ಬಾರದ ಕುರಿಗಾರ ಮೊದಲ ದಿನವೇ ಕಂಡಿದ್ದ.

ಅಲ್ಲಿಗಾದರೂ ಬಾಯಿ ಬಿಡಬೇಕಿತ್ತು. ಹುಲ್ಲಿನಲ್ಲಿದ್ದು ಹೀಗೆ ಬದಲಾಗಿರಬಹುದೇನೋ ಎಂದೆ.

“ಹುಲ್ಲು ಮೇಯ್ದ್ರ ಟಗರು ಕುರಿ ಆಕ್ಕೈತೇನಲೇ? ಮುನ್ನೂರರಾಗ ಒಂದು ಮರಿ ಅದಲ್ ಬದಲ್ ಆದ್ರ ಹಿಡಿಯಾಂವ ನಾನು.” ಕೆಂಪು ಗುರುತಿನ ಮೇಲಿಂದ ಬೆರಳು ತೆಗೆದು ಹೇಳಿದ: “ಇದ್ರದೇನು ತಪ್ಪಿಲ್ಲ. ರೊಪ್ಪದಾಗ ಇರ್ಲಿ.”

ಎಲ್ಲಿಂದ ತಂದೆ, ಯಾಕೆ ತಂದೆ ಎಂದು ಕೇಳಲಿಲ್ಲ. ಬೈದಿದ್ದರೆ ಅವನ ಬೈಗುಳವನ್ನು ಅಣಕಿಸಿಯಾದರೂ ಹಗುರಾಗುತ್ತಿದ್ದೆ. ಆ ಹೆಣ್ಣಿಗೆ ಮಲ್ಲಮ್ಮ ಎಂದು ಹೆಸರು ಬದಲಿಸಿ ಬರೆಸಿದ, ಮತ್ತೆ ಹುಲ್ಲಿಗೆ ಹೋದ.

ಮಘೆಯ ಕೊನೆಯ ದಿನ, ಎಂದರೆ ಆಶ್ಲೇಷ ಸೇರಿ ಎರಡೂ ಮಳೆ ಮುಗಿಯುವ ದಿನ, ಸಂಜೆಯವರೆಗೂ ಹುಲ್ಲಿನಲ್ಲಿ ನಡೆದ. ಇಲಿ, ಹಕ್ಕಿ, ಹುಳು. ಮೇಷ್ಟ್ರು ಬಾಗಿಲು ಹಾಕಲು ಬಂದಾಗ ಎದ್ದು, ಊರುಗೋಲು ಹುಡುಕಿ ಹೊರಟ. ಅವನ ಹಿಂದೆ ನಾನು ಬಾಗಿಲವರೆಗೆ ಹೋದೆ. ನಿಂಗಕ್ಕನ ಮನೆಯ ಮುಂದೆ, ಆ ಮೂರಡಿ ಜಾಗದಲ್ಲಿ, ಬಡಗಿ ಹಲಗೆ ತಂದು ಹಾಕಿದ್ದ.

ಹುಬ್ಬೆ ಮಳೆಯಲ್ಲಿ ಸಿಮೆಂಟು ಒಡೆದರು. ಒಳಗಿದ್ದ ಕಾಲು ಬೇರೆ ಯಾರದೋ ಎಂಬಂತೆ ಬಿಳಿಚಿಕೊಂಡು ಬಡಕಲಾಗಿತ್ತು. ಪಾದ ಒಂದಿಷ್ಟು ಹೊರಗೆ ತಿರುಗಿತ್ತು. ಮೊದಲ ವಾರ ಗೋಡೆ ಹಿಡಿದು ನಡೆದ. ಆಮೇಲೆ ಕೆರೆ ಏರಿಯವರೆಗೆ. ಆಮೇಲೆ ಏರಿಯ ಆ ತುದಿಯವರೆಗೆ. ಬೆಳಿಗ್ಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಒಮ್ಮೊಮ್ಮೆ ನೋವಿಗೆ ಅವನ ಮುಖ ಕಪ್ಪಿಡುತ್ತಿತ್ತು. ಕಲ್ಲಿನ ಮೇಲೆ ಕೂತು, ಹೊಲದಲ್ಲಿ ಜೋಳ ಎಷ್ಟುದ್ದ ಬಂದಿದೆ ಎಂದು ಮಾತಾಡಿ, ಮತ್ತೆ ಏಳುತ್ತಿದ್ದ. ಕಂಪ್ಯೂಟರಿಗೆ ಬರುವುದು ಕಡಿಮೆಯಾಯಿತು. ಬಂದಾಗ ರೊಪ್ಪ ತೆರೆದು ಎಲ್ಲರನ್ನೂ ನೋಡಿ ಹೋಗುತ್ತಿದ್ದ, ಮಲ್ಲಮ್ಮನನ್ನೂ ಸೇರಿಸಿ.

ದೀಪಾವಳಿ ಕಳೆದ ನಾಲ್ಕನೇ ಬೆಳಿಗ್ಗೆ ಕೂಡ್ಲಿಗಿ ರಸ್ತೆಯಲ್ಲಿ ಧೂಳೆದ್ದಿತು. ತಮ್ಮ ಹಿಂಡು ತಂದಿದ್ದ. ಹಿಂಡನ್ನು ರಸ್ತೆ ಬದಿಯ ಬೀಳಿನಲ್ಲಿ ನಿಲ್ಲಿಸಿ, ತಾನು ಮೋರಿಯ ಮೇಲೆ ಕೂತು, ಅಣ್ಣ ಬರುವುದನ್ನೇ ನೋಡಿದ. ನಿಂಗಕ್ಕನ ಮನೆಯ ತಿರುವಿನಿಂದ ಮೋರಿಯವರೆಗೆ ಇನ್ನೂರು ಹೆಜ್ಜೆ ಇರಬಹುದು. ದುರುಗಪ್ಪ ಊರುಗೋಲನ್ನು ಬಡಗಿಯ ಹಲಗೆಗೆ ಒರಗಿಸಿ ಬಂದಿದ್ದ. ಎಡಗಾಲು ಇಡುವಾಗ ಭುಜ ಚೂರು ಇಳಿಯುತ್ತಿತ್ತು, ಅಷ್ಟೇ. ಆ ನಡಿಗೆಯನ್ನು ಎತ್ತಿಕೊಳ್ಳಲು ನನ್ನ ಭುಜ ಎಂದಿನಂತೆ ತಯಾರಾಗಿ ನಿಂತಿತು. ಆ ದಿನ ಅದನ್ನು ಹಿಡಿದುಕೊಂಡೆ. ಅಣ್ಣ ಹತ್ತಿರ ಬಂದ ಮೇಲೆ ತಮ್ಮ ಎದ್ದು, ಕೈಯಲ್ಲಿದ್ದ ಕುರಿ ಕಾಯುವ ಕೋಲನ್ನು ಅವನಿಗೆ ಕೊಟ್ಟು, ತಾನು ಹಿಂಡಿನ ಆ ಬದಿಗೆ ಹೋದ. ನಾಲ್ಕೈದು ಕುರಿ ತಲೆಯೆತ್ತಿ ಬಂದು ದುರುಗಪ್ಪನ ಮೊಣಕಾಲಿಗೆ ಮೂತಿ ತಾಗಿಸಿದವು.

ನಾನು ಅರ್ಧ ಮೈಲಿ ಅವರ ಜೊತೆ ನಡೆದೆ. ಹಿಂಡಿನ ಉಣ್ಣೆಯ ವಾಸನೆ, ಅವನ ಹಣೆಯ ಭಂಡಾರದ ವಾಸನೆ. ಇನ್ನು ತಿರುಗಬೇಕು ಎನ್ನುವ ಜಾಗದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಪರದೆ ಹಾಗೆ ಹೇಳಿರಲಿಲ್ಲ ದುರುಗಣ್ಣ, ಗೊರವಯ್ಯನ ಮಾತು ನಾನು ನಗಿಸಲು ಕಟ್ಟಿದ್ದು, ಮಲ್ಲ ಎಲ್ಲೂ ಇಲ್ಲ, ಎರಡು ಮಳೆ ನಿನ್ನನ್ನು ಸುಮ್ಮನೆ ಹುಲ್ಲು ಸುತ್ತಿಸಿದೆ, ಆ ಹೆಣ್ಣನ್ನು ನಾನೇ ಸಾಕಿ ತಂದಿಟ್ಟೆ, ನಿನ್ನ ಹರಕೆಯನ್ನು ಕೆಡಿಸಿದವನು ನಾನು. ಯಾರ ದನಿಯೂ ಇಲ್ಲದೆ ಇಷ್ಟು ಉದ್ದ ನಾನು ಎಂದೂ ಮಾತಾಡಿರಲಿಲ್ಲ.

ದುರುಗಪ್ಪ ಪೂರ್ತಿ ಕೇಳಿದ. ಹಿಂದೆ ಬಿದ್ದಿದ್ದ ಒಂದು ಮರಿಯನ್ನು ಕೋಲಿನಿಂದ ಮೆಲ್ಲಗೆ ಒಳಗೆ ಸೇರಿಸಿದ. ಆಮೇಲೆ ಹಣೆಯ ಭಂಡಾರ ಮುಟ್ಟಿಕೊಂಡು ನನ್ನ ಕಡೆ ತಿರುಗಿದ.

“ಬಿಟ್ಟಾಂವ ನಾನು, ತಗಂಡಾಂವ ಆತ. ನಡುವ ನೀ ಯಾವನಲೇ?”